ಗಿಲ್ಬರ್ಟ್ ಫೌಲರ್

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳು ಸೊಪ್ಪಿನ ಬೆಟ್ಟಗಳನ್ನು ನೆಚ್ಚಿಕೊಂಡಿವೆ. ಬೆಟ್ಟದಿಂದ ತಂದ ಸೊಪ್ಪನ್ನು ಅಲ್ಲಿಯ ರೈತರು ಕೊಟ್ಟಿಗೆಯಲ್ಲಿ ಹಾಸುವರು. ಅದು ಸಗಣಿ ಗಂಜಲಗಳೊಡನೆ ಬೆರೆತು, ಕೊಳೆತು, ಗೊಬ್ಬರವಾಗಿ ತೋಟದ ಮಣ್ಣನ್ನು ಸೇರುವುದು. ಸಸ್ಯಗಳ ಬೆಳವಣಿಗೆಗೆ ಅವಶ್ಯವಾದ ಸಾರಜನಕವು ಹೀಗೆ ಮಣ್ಣಿಗೆ ಮರಳುತ್ತದೆ. ಪಟ್ಟಣಗಳ ಕೊಳಚೆಯಲ್ಲಿಯೂ ಇದೇ ಸಾರಜನಕವಿದೆ. ಆದರೆ ಅದು ನದಿಯ ಪಾಲಾದರೆ ನೀರನ್ನು ಕೆಡಿಸುತ್ತದೆ. ಈ ಅನರ್ಥವನ್ನು ತಡೆಯಲು ಶ್ರಮಿಸಿದ ವಿಜ್ಞಾನಿಗಳಲ್ಲಿ ಗಿಲ್ಬರ್ಟ್ ಜಾನ್ ಫೌಲರ್ ಪ್ರಮುಖರು.

ಫೌಲರ್ ಜನಿಸಿದುದು 1868ರಲ್ಲಿ. ರಸಾಯನಶಾಸ್ತ್ರವನ್ನು ಅಭ್ಯಸಿಸಿದ ಅವರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರವು ಕಾರ್ಯಕ್ಷೇತ್ರವಾಯಿತು. ಅದು ಬಟ್ಟೆಯ ಗಿರಣಿಗಳಿಗೆ ಹೆಸರಾದ ಊರು. ಗಿರಣಿಗಳೂ ಜನವಸತಿಯೂ ಹೆಚ್ಚಿದಂತೆ ಕೊಳಚೆ ಹೆಚ್ಚಿತು, ನದಿಗಳು ಮಲಿನವಾದವು. ಕೊಳಚೆಯನ್ನು ಕಲ್ಲಿನ ಪದರಗಳ ಮೇಲೆ ಹಾಯಿಸಿ ಶುದ್ಧಿಮಾಡುವ ವಿಧಾನವೇನೋ ಇತ್ತು. ಆದರೆ ಅದಕ್ಕೆ ವಿಶಾಲವಾದ ನೆಲ ಬೇಕಾಗಿತ್ತು.

1912ರಲ್ಲಿ ಫೌಲರ್ ಅಮೆರಿಕಕ್ಕೆ ಹೋದರು. ಅಲ್ಲಿಯ ಲಾರೆನ್ಸ್ ಪ್ರಯೋಗಕೇಂದ್ರದಲ್ಲಿ, ಪಾಚಿಗಟ್ಟಿದ ಸೀಸೆಯಲ್ಲಿದ್ದ ಕೊಳಚೆಗೆ ಗಾಳಿಯನ್ನು ಹಾಯಿಸಿ ಅದನ್ನು ತಿಳಿಯಾಗಿಸುತ್ತಿದ್ದುದನ್ನು ಕಂಡರು. ಸ್ವದೇಶಕ್ಕೆ ಮರಳಿದ ಮೇಲೆ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರಿಗೆ ಅಂತಹ ಪ್ರಯೋಗವನ್ನು ನಡೆಸಲು ಸೂಚಿಸಿದರು. ಅವರು ಕೊಳಚೆಗೆ ಎಡೆಬಿಡದೆ ಗಾಳಿಯೂದಿದಾಗ, ಅದರಲ್ಲಿದ್ದ ಅಮೋನಿಯವೆಲ್ಲ ನೈಟ್ರೇಟ್ ಆಗಲು ಸುಮಾರು ಐದು ವಾರಗಳು ಹಿಡಿದವು. ಅನಂತರ ತಿಳಿನೀರನ್ನು ಬಸಿದು, ತಳದಲ್ಲುಳಿದ ಕೆಸರನ್ನು ಚೆಲ್ಲದೆ, ಅದರ ಮೇಲೆ ಹೊಸ ಕೊಳಚೆಯನ್ನು ಸುರಿದರು. ಹೀಗೆ ಮಾಡುತ್ತ ಹೋದಂತೆ ಕಾಲಾವಧಿ ಇಳಿಯುತ್ತ ಬಂದಿತು; ಕಡೆಗೆ ವಾರಗಳ ಕೆಲಸ 24 ಗಂಟೆಗಳಲ್ಲಿ ಮುಗಿಯಿತು. ಎಲ್ಲರೂ ಹೊಲಸೆಂದು ಎಸೆಯುತ್ತಿದ್ದ ಆ ಕೆಸರಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ನೆಲೆಸಿದ್ದವು. ಶುದ್ಧಿಕಾರ್ಯವನ್ನು ನಡೆಸಿದವು ಅವೇ.

1914ರಲ್ಲಿ ಪ್ರಕಟವಾದ ಈ ಕ್ರಿಯಾಶೀಲ ಕೆಸರಿನ ವಿಧಾನವು ಕ್ರಮೇಣ ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಫೌಲರರ ಹೆಸರಿಲ್ಲ. ಆದರೆ ಪ್ರಯೋಗಕ್ಕೆ ಅವರ ಸಲಹೆಯೇ ಮೂಲವೆಂಬುದನ್ನು ಲೇಖಕರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಜೀವರಸಾಯನ ವಿಭಾಗಕ್ಕೆ ಅಡಿಪಾಯ ಹಾಕಿ, 1924ರವರೆಗೆ ದುಡಿದರು. ನೀರನ್ನು ಶುದ್ಧಿಮಾಡಿದರಷ್ಟೇ ಸಾಲದು, ಅದರಲ್ಲಿನ ಸಾರಜನಕವನ್ನು ಹೊಲಗಳಿಗೆ ಉಳಿಸಿಕೊಡಬೇಕೆಂಬುದು ಅವರ ಹಂಬಲವಾಗಿತ್ತು. 1934ರಲ್ಲಿ ಹೊರಬಂದ ಅವರ ಗ್ರಂಥದ ವಿಷಯವೇ ಸಾರಜನಕದ ಸಂರಕ್ಷಣೆ. 1953ರಲ್ಲಿ ಅವರು ನಿಧನರಾದರು.

ನೈಟ್ರೇಟ್ ಕೂಡ ಕೆರೆಗಳಲ್ಲಿ ಕಳೆಯನ್ನೂ ಪಾಚಿಯನ್ನೂ ಹಬ್ಬಿಸುವುದರಿಂದ, ಅದನ್ನೂ ತೆಗೆಯುವುದು ಮುಂದೆ ಅಗತ್ಯವಾಯಿತು. ಕರಗಿದ ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಗಳು ನೈಟ್ರೇಟಿನ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಎಷ್ಟು ಗಾಳಿ, ಎಷ್ಟು ಕೆಸರು, ಎಷ್ಟು ಹೊತ್ತು ಬೇಕೆಂಬುದನ್ನು ಮುಂದಾಗಿ ಲೆಕ್ಕ ಹಾಕಲು 1987ರಲ್ಲಿ ವಿವಿಧ ದೇಶಗಳ ತಜ್ಞರು ಗಣಿತದ ಮಾದರಿಯೊಂದನ್ನು ಪ್ರಕಟಿಸಿದರು. ಇಂದು ಅಂತಹ ಸಮೀಕರಣಗಳನ್ನು ಗಣಕಯಂತ್ರಗಳು ಬಿಡಿಸುತ್ತವೆ.

ಇದರಿಂದ ನೀರಿಗೆ ಹಿತವಾಯಿತು, ನಿಜ. ಆದರೆ ಗಾಳಿಗೆ ಸೇರಿದ ಸಾರಜನಕವನ್ನು ಮತ್ತೆ ಗೊಬ್ಬರವಾಗಿಸಲು ಕಾರ್ಖಾನೆಗಳು ಅಪಾರ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ನದಿಯೂ ಉಳಿಯಬೇಕು, ನೆಲದ ಸಾರವೂ ನೆಲಕ್ಕೆ ಮರಳಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಫೌಲರರು ಮುಂದಿನವರಿಗೆ ಬಿಟ್ಟುಹೋದ ಕಾರ್ಯವಾಗಿದೆ.