ಚೀನಾದ ನಿಷ್ಠುರವಾದಿ ಹೈ ರುಯಿ

ಚೀನಾದ ಜನರು ಅಧಿಕಾರಕ್ಕೆ ತಲೆಬಾಗುವುದನ್ನು ಹುಟ್ಟಿನಿಂದಲೇ ಕಲಿತವರು ಎಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಆದರೆ ಅದೇ ದೇಶದ ಚರಿತ್ರೆಯ ಪುಟಗಳನ್ನು ತಿರುವಿದರೆ, ರೈತರ ದಂಗೆಗಳಿಂದ ಉರುಳಿಬಿದ್ದ ರಾಜವಂಶಗಳೂ ಕಣ್ಣಿಗೆ ಬೀಳುತ್ತವೆ. ಅಷ್ಟೊಂದು ವಿಧೇಯತೆ ಮತ್ತು ಅಷ್ಟೊಂದು ದಂಗೆ ಒಂದೇ ನೆಲದಲ್ಲಿ ಬೆಳೆದುದು ಹೇಗೆ? ಹದಿನಾರನೆಯ ಶತಮಾನದ ಹೈ ರುಯಿ ಎಂಬ ಅಧಿಕಾರಿಯ ಬಾಳನ್ನು ಅರಿತರೆ ಇದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ ಎಂದು ನಮ್ಮ ಭಾವನೆ.

ಹೈ ರುಯಿ ಹುಟ್ಟಿದ್ದು 1514ರಲ್ಲಿ, ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡ. ತಾಯಿ ಬಡತನದಲ್ಲಿ ಮಗನನ್ನು ಸಾಕಿದಳು. ಪ್ರಾಚೀನ ಗ್ರಂಥಗಳನ್ನು ತಾನೇ ಬಾಯಿಪಾಠ ಮಾಡಿಸಿದಳು. 1549ರಲ್ಲಿ ಆತ ಪ್ರಾಂತೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ. ರಾಜಧಾನಿ ಬೀಜಿಂಗಿನ ದೊಡ್ಡ ಪರೀಕ್ಷೆ ಮಾತ್ರ ಕೈಗೂಡಲಿಲ್ಲ. ಕೊನೆಗೆ ಸುಮಾರು 40ರ ಪ್ರಾಯದಲ್ಲಿ ಫೂಜಿಯಾನ್ ಪ್ರಾಂತದ ನಾನ್‌ಪಿಂಗ್ ಎಂಬಲ್ಲಿ ಸರಕಾರಿ ಶಾಲೆಯ ಉಪಾಧ್ಯಾಯನಾಗಿ ನೇಮಕಗೊಂಡ.

ಮೇಲಧಿಕಾರಿ ಶಾಲೆಗೆ ತನಿಖೆಗೆ ಬರುವ ದಿನ ಹೇಗಿರುತ್ತದೆಂಬುದನ್ನು ಉಪಾಧ್ಯಾಯರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನ್‌ಪಿಂಗ್‌ಗೂ ಅಂಥ ಅಧಿಕಾರಿಯೊಬ್ಬ ಬಂದ. ಹೈ ರುಯಿಯ ಎಡಬಲದಲ್ಲಿದ್ದ ಇಬ್ಬರು ಸಹೋದ್ಯೋಗಿಗಳು ಮೊಣಕಾಲೂರಿ ವಂದಿಸಿದರು. ಆತ ಕೈಜೋಡಿಸಿ ನಿಂತೇ ವಂದಿಸಿದ. ಶಾಲೆ ಪಾಠ ಹೇಳುವ ಜಾಗ, ಅಲ್ಲಿ ಗುರುವಾದವನು ಮೊಣಕಾಲೂರಬೇಕಾಗಿಲ್ಲ ಎಂಬುದು ಅವನ ನಿಲುವು. ಎರಡು ತಗ್ಗು, ನಡುವೆ ಒಂದು ಎತ್ತರ! ಚೀನೀಯರು ಬರೆಯುವ ಕುಂಚಗಳನ್ನು ಇಡುವ ಪೀಠದ ಆಕಾರವೂ ಹಾಗೆಯೇ. ಅಂದಿನಿಂದ ಕುಂಚಪೀಠದ ಪಂಡಿತ ಎಂಬ ಅಡ್ಡಹೆಸರು ಅವನಿಗೆ ಅಂಟಿಕೊಂಡಿತು.

1558ರಲ್ಲಿ ಆತ ಝೆಜಿಯಾಂಗ್ ಪ್ರಾಂತದ ಚುನ್‌ಆನ್ ತಾಲೂಕಿನ ಅಧಿಕಾರಿಯಾದ. ಒರಟು ಬಟ್ಟೆ, ಒರಟು ಅಕ್ಕಿಯ ಅನ್ನ, ಹಿತ್ತಿಲಿನಲ್ಲಿ ತಾವೇ ಬೆಳೆದ ತರಕಾರಿ. ತಾಯಿಯ ಹುಟ್ಟುಹಬ್ಬಕ್ಕೆಂದು ಒಮ್ಮೆ ಸ್ವಲ್ಪ ಮಾಂಸ ಕೊಂಡದ್ದು ಪ್ರಾಂತದ ದೊರೆಗಳ ಬಾಯಲ್ಲಿ ಸುದ್ದಿಯಾಯಿತಂತೆ. ಪ್ರಾಂತಾಧಿಪತಿ ಹು ಜೊಂಗ್‌ಶಿಯಾನ್‌ನ ಮಗ ಒಂದು ದಿನ ಆ ದಾರಿಯಾಗಿ ಬಂದ. ಉಪಚಾರ ಸಾಲದೆಂದು ಸಿಟ್ಟುಗೊಂಡು ಅಂಚೆಠಾಣೆಯ ನೌಕರನನ್ನು ತಲೆಕೆಳಗಾಗಿ ಕಟ್ಟಿ ತೂಗಿಸಿದ. ಹೈ ರುಯಿ ಅವನನ್ನು ಹಿಡಿಸಿ, ಅವನಲ್ಲಿದ್ದ ಬೆಳ್ಳಿಯನ್ನು ಬೊಕ್ಕಸಕ್ಕೆ ಸೇರಿಸಿದ. ಅಷ್ಟಕ್ಕೇ ಬಿಡದೆ ತಂದೆಗೇ ವರದಿ ಬರೆದ. ದುಂದುವೆಚ್ಚ ಕೂಡದೆಂದು ತಾವೇ ಆಜ್ಞೆ ಮಾಡಿದ್ದೀರಷ್ಟೆ, ಇಷ್ಟು ಆಡಂಬರದಿಂದ ಬಂದ ಈತ ತಮ್ಮ ಮಗನಾಗಿರಲಾರ, ಯಾರೋ ವಂಚಕನಿರಬೇಕು ಎಂಬುದು ವರದಿಯ ಸಾರಾಂಶ. ಪ್ರಾಂತಾಧಿಪತಿ ತುಟಿಪಿಟಕ್ಕೆನ್ನುವಂತಿರಲಿಲ್ಲ.

1564ರಲ್ಲಿ ಹೈ ರುಯಿಗೆ ಬೀಜಿಂಗಿನ ಕಂದಾಯ ಇಲಾಖೆಗೆ ವರ್ಗವಾಯಿತು. ಆಗ ಮಿಂಗ್ ವಂಶದ ಜಿಯಾಜಿಂಗ್ ಚಕ್ರವರ್ತಿ ಆಳುತ್ತಿದ್ದ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವನು ಆಸ್ಥಾನಕ್ಕೆ ಕಾಲಿಟ್ಟಿರಲಿಲ್ಲ. ಅಮರನಾಗುವ ಆಸೆಯಿಂದ ಪೂಜೆ, ಹೋಮ, ರಸೌಷಧಿಗಳಲ್ಲಿ ಮುಳುಗಿದ್ದ. ಮಂತ್ರಿಗಳು ಹೌದಪ್ಪಗಳಾಗಿದ್ದರು. ಹೈ ರುಯಿ ಬಿನ್ನವತ್ತಳೆಯೊಂದನ್ನು ಬರೆದು ಸಲ್ಲಿಸಿದ. ಚಕ್ರವರ್ತಿಯ ಮೂಢನಂಬಿಕೆ, ದುಂದು, ಕರ್ತವ್ಯಲೋಪ ಯಾವುದನ್ನೂ ಅದರಲ್ಲಿ ಬಿಡಲಿಲ್ಲ. ಜನರು ಅವನ ಆಳ್ವಿಕೆಯ ಹೆಸರನ್ನೇ ತಿರುಚಿ, ಮನೆಮನೆಯೂ ಬರಿದಾಯಿತು ಎಂಬ ಅರ್ಥ ಬರುವಂತೆ ಆಡಿಕೊಳ್ಳುತ್ತಿದ್ದಾರೆಂಬುದನ್ನೂ ಬರೆದ.

ಓದಿದ ಚಕ್ರವರ್ತಿ ಪತ್ರವನ್ನು ನೆಲಕ್ಕೆಸೆದು, ಅವನು ಓಡಿಹೋಗುವ ಮೊದಲೇ ಹಿಡಿಯಿರಿ ಎಂದು ಅಬ್ಬರಿಸಿದ. ಬಳಿಯಲ್ಲಿದ್ದ ಅಂತಃಪುರದ ಸೇವಕನೊಬ್ಬ ನಡೆದುದನ್ನು ಅರುಹಿದ: ಆತ ಓಡಿಹೋಗುವವನಲ್ಲ, ಆಗಲೇ ಶವಪೆಟ್ಟಿಗೆ ಕೊಂಡಿಟ್ಟು, ಹೆಂಡತಿಗೆ ವಿದಾಯ ಹೇಳಿ ಕಾದಿದ್ದಾನೆ. ಚಕ್ರವರ್ತಿ ಮೌನವಾದ. ಪತ್ರವನ್ನು ಮತ್ತೆ ಮತ್ತೆ ತರಿಸಿ ಓದಿದನಂತೆ. ಕೊನೆಗೆ 1566ರಲ್ಲಿ ಹೈ ರುಯಿ ಸೆರೆಮನೆ ಸೇರಿದ. ಮರಣದಂಡನೆಯ ಶಿಫಾರಸು ಬಂತು; ಚಕ್ರವರ್ತಿ ಮಾತ್ರ ಅದಕ್ಕೆ ಅಂಕಿತ ಹಾಕಲಿಲ್ಲ.

1567ರ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ. ಇನ್ನು ಹೈ ರುಯಿಗೆ ಬಿಡುಗಡೆ ಖಂಡಿತವೆಂದು ತಿಳಿದ ಸೆರೆಮನೆಯ ಅಧಿಕಾರಿ ಅವನಿಗೆ ಒಳ್ಳೆಯ ಊಟ ಹಾಕಿಸಿದ. ಇದು ಕೊರಳು ಕೊಡುವ ಮೊದಲಿನ ಕಡೆಯ ಊಟವೆಂದು ಬಗೆದು ಆತ ನಿಶ್ಚಿಂತೆಯಿಂದ ಉಂಡ. ಆಮೇಲೆ ನಿಜಸಂಗತಿ ಕಿವಿಗೆ ಬಿತ್ತು. ಉಂಡದ್ದನ್ನೆಲ್ಲ ಕಾರಿಕೊಂಡು ನೆಲಕ್ಕುರುಳಿದ. ರಾತ್ರಿಯಿಡೀ ಚಕ್ರವರ್ತಿಗಾಗಿ ಗೋಳಾಡಿ ಅತ್ತ.

ವಾಚಕರು ಇಲ್ಲಿ ಒಂದಿಷ್ಟು ನಿಂತು ಯೋಚಿಸಬೇಕು. ತನ್ನನ್ನು ಸೆರೆಗೆ ತಳ್ಳಿದವನಿಗಾಗಿ ಅತ್ತದ್ದು ನಟನೆಯಲ್ಲ. ಅವನ ಕಣ್ಣಿಗೆ ಅರಸನು ತಂದೆ. ತಂದೆ ತಪ್ಪಿದಾಗ ಎಚ್ಚರಿಸುವುದು ಮಗನ ಧರ್ಮ. ಮನೆಯ ಯಜಮಾನಿಕೆ ಯಾರಿಗಿರಬೇಕೆಂದು ಕೇಳುವುದು ಅವನ ಕೆಲಸವಲ್ಲ. ಇಷ್ಟೊಂದು ಧೈರ್ಯದ ಆ ಪತ್ರ ಬೇಡಿದ್ದೂ ಒಬ್ಬ ಒಳ್ಳೆಯ ಅರಸನನ್ನೇ.

1569ರಲ್ಲಿ ಸುಜೌ ಮೊದಲಾದ ಶ್ರೀಮಂತ ಜಿಲ್ಲೆಗಳ ಆಡಳಿತ ಹೈ ರುಯಿಯ ಕೈಗೆ ಬಂತು. ಆತ ಹೂಳು ತುಂಬಿದ ವುಸೊಂಗ್ ನದಿಯನ್ನು ತೋಡಿಸಿದ. ಪ್ರಬಲರು ಕಬಳಿಸಿದ್ದ ಹೊಲಗಳನ್ನು ಬಡವರಿಗೆ ಹಿಂದಿರುಗಿಸಲು ಹೊರಟ. ದೊಡ್ಡ ಜಮೀನುದಾರರಲ್ಲಿ ಮುಖ್ಯನಾದವನು ನಿವೃತ್ತ ಮಹಾಮಂತ್ರಿ ಶು ಜಿಯೆ. ಸೆರೆಯಲ್ಲಿ ತನ್ನ ಜೀವ ಉಳಿಯುವಂತೆ ನೋಡಿಕೊಂಡವನೇ ಆತನೆಂದು ಹೈ ರುಯಿ ದಾಕ್ಷಿಣ್ಯ ತೋರಲಿಲ್ಲ. ಯಥಾರ್ಥವಾದಿ ಲೋಕವಿರೋಧಿ ಎಂಬಂತೆ ದೂರುಗಳ ಸುರಿಮಳೆಯಾಯಿತು. 1570ರಲ್ಲಿ ಅಧಿಕಾರ ಕಳೆದುಕೊಂಡು ಊರಿಗೆ ಮರಳಿದ. ಸುಮಾರು 15 ವರ್ಷ ಅವನನ್ನು ಕೇಳುವವರಿರಲಿಲ್ಲ.

1585ರಲ್ಲಿ ಮತ್ತೆ ನಾನ್‌ಜಿಂಗಿಗೆ ಕರೆ ಬಂತು. ಲಂಚಕೋರರ ಚರ್ಮ ಸುಲಿಯುವ ಹಳೆಯ ಶಿಕ್ಷೆಯನ್ನು ನೆನಪಿಸಿ ಆತ ಬರೆದದ್ದು ಅನೇಕರನ್ನು ಬೆಚ್ಚಿಬೀಳಿಸಿತು. ರೋಗಕ್ಕೆ ಅವನು ಬಲ್ಲ ಮದ್ದು ಎರಡೇ: ಒಳ್ಳೆಯ ಮನುಷ್ಯ ಮತ್ತು ಕಠಿಣ ಶಿಕ್ಷೆ. 1587ರಲ್ಲಿ ಆತ ತೀರಿಕೊಂಡಾಗ ಉತ್ತರಕ್ರಿಯೆಗೂ ಹಣವಿರಲಿಲ್ಲ. ಸಹೋದ್ಯೋಗಿಗಳು ವಂತಿಗೆ ಎತ್ತಿದರು. ನಾನ್‌ಜಿಂಗಿನ ಅಂಗಡಿಗಳು ಮುಚ್ಚಿದವು. ಶವವನ್ನು ದೋಣಿಯಲ್ಲಿ ಒಯ್ಯುವಾಗ ನದಿಯ ಎರಡೂ ದಡಗಳಲ್ಲಿ ಬಿಳಿಬಟ್ಟೆ ತೊಟ್ಟ ಜನ ಅಳುತ್ತ ನಿಂತಿದ್ದರು.

ಹೈ ರುಯಿ ಕಂಡ ರೋಗ ಆಮೇಲೆಯೂ ವಾಸಿಯಾಗಲಿಲ್ಲ. ಬರ, ಹಸಿವು, ತೆರಿಗೆಗಳಿಂದ ವಾಯವ್ಯದ ರೈತರು ಸಿಡಿದೆದ್ದರು. ಒಂದು ಕಾಲದಲ್ಲಿ ಅಂಚೆಠಾಣೆಯ ಕೆಲಸಗಾರನಾಗಿದ್ದ ಲಿ ಜಿಚೆಂಗ್ 1644ರಲ್ಲಿ ಬೀಜಿಂಗನ್ನು ಹಿಡಿದ. ಮಿಂಗ್ ವಂಶದ ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ. ಗೆದ್ದವನು ಮಾಡಿದ್ದೇನು? ತಾನೇ ಚಕ್ರವರ್ತಿಯೆಂದು ಸಾರಿಕೊಂಡ! ದುಷ್ಟ ಅರಸನ ಮೇಲಿಂದ ದೈವದ ಕೃಪೆ ಸರಿಯುತ್ತದೆ, ಆಗ ಅವನನ್ನು ಇಳಿಸಬಹುದು ಎಂಬುದು ಅಲ್ಲಿನ ಪುರಾತನ ನಂಬಿಕೆ. ಅದರಲ್ಲಿ ಅರಸನನ್ನು ಬದಲಿಸಲು ಅವಕಾಶವಿತ್ತು, ಸಿಂಹಾಸನವನ್ನು ಅಂಕೆಯಲ್ಲಿಡುವ ಉಪಾಯವಿರಲಿಲ್ಲ.

ಹೈ ರುಯಿಯ ಕತೆ ಇಲ್ಲಿಗೂ ಮುಗಿಯಲಿಲ್ಲ. 1959ರಲ್ಲಿ ಸ್ವತಃ ಮಾವೋ ಅವನಂತೆ ನಿರ್ಭಯವಾಗಿ ಮಾತಾಡಿರೆಂದು ತಮ್ಮ ಪಕ್ಷದವರಿಗೆ ಉಪದೇಶಿಸಿದರು. ಅದೇ ವರ್ಷ ಲುಶಾನ್ ಸಭೆಯಲ್ಲಿ ತಪ್ಪುಗಳನ್ನು ಎತ್ತಿ ತೋರಿಸಿದ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಪದಚ್ಯುತರಾದರು. ಬೀಜಿಂಗಿನ ಉಪಮೇಯರ್, ಇತಿಹಾಸಕಾರ ವು ಹಾನ್ ಅವರು ಹೈ ರುಯಿಯ ಪದಚ್ಯುತಿಯ ಕುರಿತು ಬರೆದ ನಾಟಕ 1961ರಲ್ಲಿ ರಂಗಕ್ಕೆ ಬಂತು. ಅದು ಪೆಂಗ್ ಪರವಾದ ಗುಪ್ತ ದಾಳಿಯೆಂದು ಸಾರಲಾಯಿತು. 1965ರ ನವೆಂಬರದಲ್ಲಿ ಶಾಂಘೈ ಪತ್ರಿಕೆಯೊಂದರಲ್ಲಿ ಆ ನಾಟಕವನ್ನು ಖಂಡಿಸಿ ಪ್ರಕಟವಾದ ಲೇಖನವೇ ಸಾಂಸ್ಕೃತಿಕ ಕ್ರಾಂತಿಗೆ ಕಿಡಿಯಾಯಿತು. 1966ರಲ್ಲಿ ಕೆಂಪು ಕಾವಲುಪಡೆಯ ತರುಣರು ಹೈನಾನ್‌ನಲ್ಲಿದ್ದ ಹೈ ರುಯಿಯ ಸಮಾಧಿಯನ್ನೇ ಒಡೆದರು. ವು ಹಾನ್ 1969ರಲ್ಲಿ ಸೆರೆಯಲ್ಲೇ ಸತ್ತರು. ಮಾವೋ ತೀರಿಹೋದ ಮೇಲೆ ಅವರ ಹೆಸರಿನ ಕಳಂಕ ಅಳಿಯಿತು, ಸಮಾಧಿಯೂ ಮತ್ತೆ ಎದ್ದಿತು.

ಇಂದಿಗೂ ಚೀನಾದ ಹಳ್ಳಿಗರು ಸ್ಥಳೀಯ ಅಧಿಕಾರಿಗಳ ಮೇಲಿನ ದೂರುಪತ್ರ ಹಿಡಿದು ದೂರದ ಬೀಜಿಂಗಿಗೆ ಹೋಗುವುದುಂಟು. ಕೆಳಗಿನವರು ಕೆಟ್ಟವರಾದರೂ ಮೇಲೆ ಕೇಳುವವನೊಬ್ಬ ಇದ್ದಾನೆ ಎಂಬ ಆಸೆ. ಆ ಆಸೆ ಇರುವವರೆಗೆ ಜನ ಅರ್ಜಿ ಬರೆಯುತ್ತಾರೆ. ಅದು ಬತ್ತಿದಾಗ ಏನಾಗುತ್ತದೆಂಬುದಕ್ಕೆ 1644 ಸಾಕ್ಷಿ. ಹೈ ರುಯಿಯಂಥವರು ಯಾವ ನಾಡಿಗೂ ಬೇಕು. ಆದರೆ ಅಂಥವರು ಮೊದಲು ಶವಪೆಟ್ಟಿಗೆ ಕೊಳ್ಳಬೇಕಾಗಿ ಬರುವ ನಾಡಿಗೆ ಒಬ್ಬ ಹೈ ರುಯಿಯಿಂದ ನೆಮ್ಮದಿ ದೊರೆಯದು.