ಧಾರವಾಡ ಶಿಲೆಗಳ ಶೋಧಕ

ಧಾರವಾಡವೆಂದೊಡನೆ ಕನ್ನಡಿಗರಿಗೆ ಸಾಹಿತ್ಯವೂ ಸಂಗೀತವೂ ನೆನಪಾಗುವುದು ಸಹಜ. ಭೂವಿಜ್ಞಾನವನ್ನು ಅಭ್ಯಸಿಸುವವರಿಗಾದರೋ, ಅವರು ಯಾವ ದೇಶದವರೇ ಆಗಿರಲಿ, ಆ ಹೆಸರು ಮತ್ತೊಂದು ಸಂಗತಿಯನ್ನು ನೆನಪಿಗೆ ತರುತ್ತದೆ. ನೆಲದ ಮೇಲೆ ಗಿಡಮರಗಳಾಗಲಿ ಪ್ರಾಣಿಗಳಾಗಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲು, ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಶಿಲಾಸಮೂಹವೊಂದು ಧಾರವಾಡದ ಹೆಸರನ್ನು ಹೊತ್ತಿದೆ. ಆ ಹೆಸರನ್ನಿಟ್ಟು, ಆ ಶಿಲೆಗಳಿಗೆ ಭೂಮಿಯ ಇತಿಹಾಸದಲ್ಲಿ ಒಂದು ಸ್ಥಾನವನ್ನು ಗೊತ್ತುಪಡಿಸಿದವರು ರಾಬರ್ಟ್ ಬ್ರೂಸ್ ಫೂಟ್. ಅವರ ನಂತರ ಬಂದ ವಿದ್ವಾಂಸರು ಆ ಸ್ಥಾನವನ್ನು ಒಪ್ಪಲಿಲ್ಲ. ಅವರು ತೀರಿಕೊಂಡು ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಕಳೆದ ಮೇಲೆ, ಅವರು ಹೇಳಿದುದು ಬಹುಮಟ್ಟಿಗೆ ಸರಿಯೆಂದು ತಿಳಿದುಬಂದಿತು. ಅವರ ಬಾಳಿನ ಕಥೆ ಈ ಕಾರಣದಿಂದಲೇ ನಾವು ತಿಳಿಯತಕ್ಕದ್ದಾಗಿದೆ.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ ಮದರಾಸಿಗೆ ಬಂದರು. ಆಗ ಆ ಸಂಸ್ಥೆ ಸ್ಥಾಪನೆಯಾಗಿ ಏಳೇ ವರ್ಷಗಳಾಗಿದ್ದವು. ದಕ್ಷಿಣ ಭಾರತದ ಬಹುಭಾಗದ ಶಿಲಾನಕ್ಷೆ ಇನ್ನೂ ಸಿದ್ಧವಾಗಿರಲಿಲ್ಲ. ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಸಂಚರಿಸಿ, ಗುಡಾರಗಳಲ್ಲಿ ತಂಗಿ, ಬಂಡೆ ಕಂಡಲ್ಲಿ ನಿಂತು ಸುತ್ತಿಗೆಯಿಂದ ಒಡೆದು ನೋಡಿ, ಅದರ ಪದರಗಳು ಯಾವ ದಿಕ್ಕಿಗೆ ಎಷ್ಟು ವಾಲಿವೆಯೆಂಬುದನ್ನು ಅಳೆದು ಬರೆದುಕೊಳ್ಳುವುದು ಅವರ ನಿತ್ಯದ ಕೆಲಸವಾಯಿತು. ಈ ಕೆಲಸದಲ್ಲಿ ಅವರು ಮೂವತ್ತಮೂರು ವರ್ಷಗಳನ್ನು ಕಳೆದರು.

ಅವರ ಕಣ್ಣು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಮೊದಲ ಸಾಕ್ಷಿ ಬಹುಬೇಗನೆ ದೊರೆಯಿತು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಜಲ್ಲಿಗಾಗಿ ಅಗೆದಿದ್ದ ಗುಂಡಿಯೊಂದನ್ನು ಪರಿಶೀಲಿಸುತ್ತಿದ್ದಾಗ, ಜಂಬಿಟ್ಟಿಗೆ ಕಲ್ಲಿನ ಚೂರುಗಳ ನಡುವೆ ವಿಚಿತ್ರ ಆಕಾರದ ಒಂದು ಕಲ್ಲು ಅವರಿಗೆ ಕಾಣಿಸಿತು. ನೀರಿನ ಹೊಡೆತಕ್ಕೆ ಸವೆದು ಅದಕ್ಕೆ ಆ ರೂಪ ಬಂದಿರಲಿಲ್ಲ. ಮನುಷ್ಯನ ಕೈ ಅದನ್ನು ಚೆಕ್ಕೆಯೆಬ್ಬಿಸಿ ಹರಿತಗೊಳಿಸಿತ್ತು. ಅಂತಹ ಆಯುಧಗಳು ಬಹು ಪ್ರಾಚೀನ ಮಾನವರವೆಂದು ಯೂರೋಪಿನ ವಿದ್ವಾಂಸರು ಒಪ್ಪಿಕೊಂಡು ಆಗ ನಾಲ್ಕು ವರ್ಷಗಳಷ್ಟೇ ಆಗಿದ್ದವು. ಅದೇ ವರ್ಷ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಅತ್ತಿರಂಪಾಕ್ಕಂ ಎಂಬಲ್ಲಿ ಇಂತಹ ಇನ್ನಷ್ಟು ಆಯುಧಗಳನ್ನು ಕಂಡರು. ಭಾರತದಲ್ಲಿ ಹಳೆಯ ಶಿಲಾಯುಗದ ಅಧ್ಯಯನ ಹೀಗೆ ಆರಂಭವಾಯಿತು. ಅತ್ತಿರಂಪಾಕ್ಕಂನ ಅತ್ಯಂತ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಮದರಾಸಿನ ಸುತ್ತಣ ಕೆಲಸದ ತರುವಾಯ ಫೂಟ್ ಅವರು ಇಂದಿನ ಉತ್ತರ ಕರ್ನಾಟಕದ ಸರ್ವೇಕ್ಷಣವನ್ನು ಕೈಗೊಂಡರು. ಅದರ ಫಲವಾದ ಗ್ರಂಥ 1876ರಲ್ಲಿ ಪ್ರಕಟವಾಯಿತು. ಮಲಪ್ರಭಾ, ಘಟಪ್ರಭಾ ನದಿಗಳ ಪ್ರದೇಶದಲ್ಲಿ ಹರಡಿರುವ ಮರಳುಗಲ್ಲು, ಜೇಡಿಕಲ್ಲು, ಸುಣ್ಣಕಲ್ಲುಗಳ ಶ್ರೇಣಿಗೆ ಅವರು ಕಲಾದಗಿಯ ಹೆಸರನ್ನಿಟ್ಟು ವಿವರಿಸಿದರು. ಬಹು ಪುರಾತನ ಕಾಲದಲ್ಲಿ ಇಲ್ಲಿ ವಿಸ್ತಾರವಾದ ತಗ್ಗುಪ್ರದೇಶವೊಂದಿತ್ತು. ಅದರಲ್ಲಿ ನೀರು ನಿಂತು, ಸುತ್ತಲಿನ ನೆಲದಿಂದ ಕೊಚ್ಚಿಬಂದ ಮರಳೂ ಕೆಸರೂ ಒಂದರ ಮೇಲೊಂದು ಪದರವಾಗಿ ಕುಳಿತು, ಕಾಲಾಂತರದಲ್ಲಿ ಗಟ್ಟಿಯಾಗಿ ಕಲ್ಲಾದವು. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವುದು ಇಂತಹ ಪುರಾತನ ಮರಳುಗಲ್ಲಿನಲ್ಲಿಯೇ.

ಈ ಪದರಗಳ ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆ ಫೂಟ್ ಅವರ ಮನಸ್ಸನ್ನು ಹಿಡಿಯಿತು. ಕಲಾದಗಿ ಶ್ರೇಣಿಯ ಕೆಳಗೆ ಅದಕ್ಕಿಂತಲೂ ಹಳೆಯದಾದ, ಶಾಖ ಮತ್ತು ಒತ್ತಡಗಳಿಂದ ರೂಪಾಂತರ ಹೊಂದಿದ ಶಿಲೆಗಳಿವೆ. ಅವುಗಳಲ್ಲಿ ಎರಡು ಬಗೆ. ಕಪ್ಪು ಬಿಳುಪು ಪಟ್ಟೆಗಳುಳ್ಳ ಗಡುಸಾದ ನೈಸ್ ಶಿಲೆ ಒಂದು. ಹಾಳೆಹಾಳೆಯಾಗಿ ಸೀಳುವ, ಹಸಿರು ಇಲ್ಲವೆ ಬೂದು ಬಣ್ಣದ ಷಿಸ್ಟ್ ಶಿಲೆ ಇನ್ನೊಂದು. ಆ ಕಾಲದ ರೂಢಿಯಂತೆ 1876ರ ಗ್ರಂಥದಲ್ಲಿ ಅವರು ಇವೆರಡನ್ನೂ ಒಂದೇ ಸಮೂಹವೆಂದು ಎಣಿಸಿದ್ದರು.

ಆದರೆ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಬಳ್ಳಾರಿ, ಅನಂತಪುರ ಮತ್ತು ಮೈಸೂರು ಸೀಮೆಗಳಲ್ಲಿ ಸಂಚರಿಸಿದರು. ಮೈಸೂರು ಸಂಸ್ಥಾನದ ಚಿನ್ನದ ನೆಲೆಗಳನ್ನು ನೋಡಿ 1882ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಹೋದೆಡೆಯಲ್ಲೆಲ್ಲ ಷಿಸ್ಟ್ ಶಿಲೆಗಳು ನೈಸ್ ಶಿಲೆಯ ವಿಶಾಲ ಬಯಲಿನ ನಡುವೆ ಉದ್ದನೆಯ ಪಟ್ಟಿಗಳಾಗಿ ಹಬ್ಬಿರುವುದನ್ನು ಕಂಡರು. ಮೊದಲು ನೈಸ್ ಶಿಲೆಯ ನೆಲವಿತ್ತು. ಅದರ ಮೇಲೆ ಮರಳು, ಕೆಸರು, ಉರುಟುಗಲ್ಲುಗಳೂ ಅಗ್ನಿಶಿಲೆಯ ಹಾಸುಗಳೂ ಪದರಪದರವಾಗಿ ಹರಡಿಕೊಂಡವು. ಅನಂತರ ಎಲ್ಲವೂ ಮಡಿಕೆಬಿದ್ದು, ಯುಗಯುಗಗಳ ಸವೆತಕ್ಕೆ ಸಿಕ್ಕಿ, ಮಡಿಕೆಗಳ ತಗ್ಗಿನಲ್ಲಿದ್ದ ಭಾಗಗಳಷ್ಟೇ ಪಟ್ಟಿಗಳಾಗಿ ಉಳಿದವು ಎಂದು ಅವರು ತರ್ಕಿಸಿದರು. ತಮ್ಮ ಹಿಂದಿನ ವರ್ಗೀಕರಣವನ್ನು ತಾವೇ ತಿದ್ದಿ, ಈ ಪಟ್ಟಿಗಳನ್ನು ನೈಸ್ ಶಿಲೆಯಿಂದ ಬೇರ್ಪಡಿಸಿ, 1888ರ ಪ್ರಸಿದ್ಧ ಲೇಖನದಲ್ಲಿ ಧಾರವಾಡ ಶಿಲಾವ್ಯವಸ್ಥೆ ಎಂಬ ಹೆಸರಿನಿಂದ ವಿವರಿಸಿದರು.

ಈ ವಿಂಗಡಣೆಯಿಂದ ಲೋಕವ್ಯವಹಾರಕ್ಕೂ ದೊಡ್ಡ ಪ್ರಯೋಜನವಾಯಿತು. ದಕ್ಷಿಣ ಭಾರತದಲ್ಲಿ ಚಿನ್ನ ದೊರೆಯುವುದು ಮುಖ್ಯವಾಗಿ ಧಾರವಾಡ ಶಿಲೆಗಳಲ್ಲಿ ಎಂದು ಫೂಟ್ ಅವರು ತೋರಿಸಿಕೊಟ್ಟರು. ಚಿನ್ನವನ್ನರಸುವವರು ಎಲ್ಲಿ ಹುಡುಕಬೇಕೆಂಬುದು ಇದರಿಂದ ಸ್ಪಷ್ಟವಾಯಿತು. 2001ರಲ್ಲಿ ಮುಚ್ಚಿಹೋದ ಕೋಲಾರದ ಗಣಿಗಳೂ ಇಂದಿಗೂ ಚಿನ್ನ ಕೊಡುತ್ತಿರುವ ಹಟ್ಟಿಯ ಗಣಿಯೂ ಇರುವುದು ಇಂತಹ ಷಿಸ್ಟ್ ಪಟ್ಟಿಗಳಲ್ಲಿ. ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳು ಧಾರವಾಡ ಶಿಲೆಗಳ ಸಂಪತ್ತೇ ಆಗಿವೆ.

1891ರಲ್ಲಿ ಫೂಟ್ ಅವರು ಸೇವೆಯಿಂದ ನಿವೃತ್ತರಾದರು. ಆದರೆ ಸ್ವದೇಶಕ್ಕೆ ಹಿಂದಿರುಗಿ ವಿಶ್ರಮಿಸಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಭೂವಿಜ್ಞಾನಿಯಾಗಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಕೆಲಕಾಲ ಅದರ ಮೊದಲ ಮುಖ್ಯಸ್ಥರಾಗಿದ್ದರು. ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಕುರಿತ ಅವರ ಗ್ರಂಥ 1895ರಲ್ಲಿ ಹೊರಬಂದಿತು. ಪ್ರಾಚೀನ ಮಾನವನ ಕುರುಹುಗಳನ್ನೂ ಅವರು ಮರೆತಿರಲಿಲ್ಲ. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಗುರುತಿಸಿದರು. ದಕ್ಷಿಣ ಭಾರತದಲ್ಲಿ ನಾನೂರಕ್ಕೂ ಹೆಚ್ಚು ಪ್ರಾಚೀನ ನೆಲೆಗಳನ್ನು ದಾಖಲಿಸಿದರು. ಅವರು ಸಂಗ್ರಹಿಸಿದ್ದ ವಸ್ತುಗಳನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಬಾಳಿನ ಕೊನೆಯ ವರ್ಷಗಳನ್ನು ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ ಕಳೆದ ಅವರು, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು.

ಅವರ ಮರಣಾನಂತರ ಅವರ ಮುಖ್ಯ ಸಿದ್ಧಾಂತವೇ ಪ್ರಶ್ನೆಗೆ ಒಳಗಾಯಿತು. ಹಾಗೆ ಪ್ರಶ್ನಿಸಿದವರು ಅವರು ಕೆಲಕಾಲ ನಡೆಸಿದ ಮೈಸೂರು ಇಲಾಖೆಯವರೇ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು ಸಂಸ್ಥಾನದ ಶಿಲೆಗಳನ್ನು ಬಹುಕಾಲ ಪರಿಶೀಲಿಸಿ, 1916ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಅವರ ಮತದಂತೆ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು; ನೈಸ್ ಶಿಲೆಯು ಅನಂತರ ಕರಗಿದ ದ್ರವವಾಗಿ ಕೆಳಗಿನಿಂದ ಮೇಲೆ ನುಗ್ಗಿದುದು. ಧಾರವಾಡ ಶಿಲೆಗಳು ಬಹುತೇಕ ಅಗ್ನಿಜನ್ಯವೇ ಹೊರತು ನೀರಿನಲ್ಲಿ ಹರಡಿಕೊಂಡ ಪದರಗಳಲ್ಲವೆಂದೂ ಅವರು ಭಾವಿಸಿದರು. ಹೀಗೆ ಫೂಟ್ ಅವರು ಹೇಳಿದ ಕ್ರಮವು ತಲೆಕೆಳಗಾಯಿತು. ಸ್ಮೀತ್ ಅವರ ಮತಕ್ಕೂ ಆಧಾರವಿಲ್ಲದಿರಲಿಲ್ಲ. ಷಿಸ್ಟ್ ಪಟ್ಟಿಗಳನ್ನು ಸೀಳಿಕೊಂಡು ನುಗ್ಗಿದ ಗ್ರಾನೈಟನ್ನು ಅನೇಕ ಕಡೆಗಳಲ್ಲಿ ಕಣ್ಣಾರೆ ಕಾಣಬಹುದಾಗಿತ್ತು.

ಕಾಲಕ್ರಮದಲ್ಲಿ ಬಿ. ರಾಮರಾಯರೇ ಮೊದಲಾದ ಮೈಸೂರಿನ ಭೂವಿಜ್ಞಾನಿಗಳು ಧಾರವಾಡ ಶಿಲೆಗಳಲ್ಲಿ ಹಲವು ನೀರಿನಲ್ಲಿ ಸಂಚಯಗೊಂಡವೇ ಎಂಬುದನ್ನು ಮತ್ತೆ ಸಿದ್ಧಪಡಿಸಿದರು. 1970ರ ದಶಕದಿಂದ ಈಚೆಗೆ ವಿಷಯ ಇನ್ನೂ ಸ್ಪಷ್ಟವಾಯಿತು. ಚಿಕ್ಕಮಗಳೂರಿನ ಸಮೀಪದ ಕರ್ತಿಕೆರೆಯಲ್ಲಿ, ಬಾಬಾಬುಡನ್ ಶ್ರೇಣಿಯ ಬುಡದಲ್ಲಿ, ಉರುಟಾದ ಬೆಣಚುಕಲ್ಲುಗಳು ಗಾರೆಯಲ್ಲಿ ಹುದುಗಿದಂತೆ ಕಾಣುವ ಶಿಲಾಪದರವೊಂದಿದೆ. ಹರಿಯುವ ನೀರು ಹಳೆಯ ನೆಲವನ್ನು ಕೊರೆದು, ಕಲ್ಲುಗಳನ್ನು ಉರುಳಿಸಿ ತಂದು ಅಲ್ಲಿ ಬಿಟ್ಟುದರ ಗುರುತು ಅದು. ಕೊರೆಯುವುದಕ್ಕೆ ನೆಲ ಮೊದಲೇ ಇರಬೇಕಷ್ಟೆ. ಇದಲ್ಲದೆ, ಶಿಲೆಗಳಲ್ಲಿರುವ ವಿಕಿರಣಶೀಲ ಧಾತುಗಳು ಎಷ್ಟರಮಟ್ಟಿಗೆ ಕ್ಷಯಿಸಿವೆಯೆಂಬುದನ್ನು ಅಳೆದು ವಯಸ್ಸನ್ನು ಗಣಿಸುವ ವಿಧಾನವೂ ಬಳಕೆಗೆ ಬಂದಿತು. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಯು ಸುಮಾರು 330 ಕೋಟಿ ವರ್ಷಗಳಷ್ಟು ಹಳೆಯದೆಂದು ಕಂಡುಬಂದಿತು. ಧಾರವಾಡ ಶಿಲೆಗಳಾದರೋ ಅದಕ್ಕಿಂತ ಕಿರಿಯವಾಗಿದ್ದವು. ಷಿಸ್ಟ್ ಪಟ್ಟಿಗಳನ್ನು ಸೀಳಿಕೊಂಡು ಬಂದುದು ಇನ್ನೂ ಈಚಿನ ಗ್ರಾನೈಟ್ ಎಂಬುದು ಗೊತ್ತಾಯಿತು. ನೈಸ್ ಶಿಲೆಯೊಳಗೆ ಅಲ್ಲಲ್ಲಿ ಹುದುಗಿರುವ, ಧಾರವಾಡ ಸಮೂಹಕ್ಕೆ ಸೇರದ ಬೇರೆ ಹಳೆಯ ಷಿಸ್ಟ್ ತುಣುಕುಗಳೂ ಉಂಟೆಂದು ತಿಳಿದುಬಂದಿತು. ಅಂದರೆ ಸ್ಮೀತ್ ಅವರು ಕಂಡುದರಲ್ಲಿಯೂ ಸತ್ಯದ ಒಂದು ಅಂಶವಿತ್ತು. ಆದರೆ ನೆಲವಾವುದು, ಅದರ ಮೇಲಣ ಹಾಸಾವುದು ಎಂಬ ಮೂಲಪ್ರಶ್ನೆಗೆ ಫೂಟ್ ಅವರ ಉತ್ತರವೇ ನಿಂತಿತು.

ಫೂಟ್ ಅವರ ಬಳಿ ಶಿಲೆಯ ವಯಸ್ಸನ್ನು ವರ್ಷಗಳಲ್ಲಿ ಎಣಿಸುವ ಯಂತ್ರವಿರಲಿಲ್ಲ. ಸುತ್ತಿಗೆ, ದಿಕ್ಸೂಚಿ, ದಿನಚರಿಯ ಪುಸ್ತಕ ಮತ್ತು ದಣಿವರಿಯದ ಕಾಲುಗಳು ಇದ್ದವು. ಕಂಡುದನ್ನು ಕಂಡ ಹಾಗೆಯೇ, ಕಂಡ ಸ್ಥಳದ ಗುರುತಿನೊಡನೆ ಬರೆದಿಡುವ ಪ್ರಾಮಾಣಿಕತೆಯಿತ್ತು. ತಾವು ಬರೆದುದು ತಪ್ಪೆಂದು ತೋರಿದಾಗ ತಿದ್ದಿಕೊಳ್ಳುವ ಧೈರ್ಯವೂ ಇತ್ತು. ಹಾಗೆ ಬರೆದಿಟ್ಟುದರಿಂದಲೇ ಮುಂದಿನವರು ಅವೇ ಬಂಡೆಗಳ ಬಳಿಗೆ ಹೋಗಿ ಅವರ ಮಾತನ್ನು ಪರೀಕ್ಷಿಸುವುದು ಸಾಧ್ಯವಾಯಿತು. ನಮ್ಮ ನಾಡಿನ ಹೊಲಗದ್ದೆಗಳ ಬದುವಿನಲ್ಲಿ, ಊರಾಚೆಯ ಗುಡ್ಡಗಳಲ್ಲಿ ಆ ಶಿಲೆಗಳು ಇಂದಿಗೂ ಇವೆ. ನೋಡುವ ಕಣ್ಣುಳ್ಳವರಿಗೆ ಅವು ತಮ್ಮ ಕಥೆಯನ್ನು ಹೇಳುತ್ತಲೇ ಇವೆ.