ಅಖಾಡದ ಅರಸ, ಟಂಕಸಾಲೆಯ ಅರಸ

ಬೆಂಗಳೂರಿನ ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟದ ಮುಖ್ಯ ತಾಣವಾಗಿತ್ತು. ಆ ಹೆಸರಿನ ಹಿಂದಿರುವ ವ್ಯಕ್ತಿ ಸ್ವತಃ ಜಗಜಟ್ಟಿ ಎಂಬುದು ಹಲವರಿಗೆ ತಿಳಿದಿದೆ. ಆ ಜಟ್ಟಿ ಇತರ ಕಾಲಗಳ ಮಲ್ಲರೆದುರು ಎಷ್ಟು ದೊಡ್ಡವನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಇಂಥ ಹೋಲಿಕೆಯ ಹಂಬಲ ಹೊಸತೇನಲ್ಲ. 1970ರ ಜನವರಿಯಲ್ಲಿ ಅಮೆರಿಕದಲ್ಲಿ ರಾಕಿ ಮಾರ್ಸಿಯಾನೊ ಮತ್ತು ಮಹಮ್ಮದ್ ಅಲಿ ಅವರ ಕಾಲ್ಪನಿಕ ಕಾಳಗವನ್ನು ಕಂಪ್ಯೂಟರ್ ಲೆಕ್ಕಾಚಾರದ ಆಧಾರದಲ್ಲಿ ಚಿತ್ರೀಕರಿಸಿ ತೋರಿಸಲಾಯಿತು. 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದರಂತೆ! ಆ ಗೆಲುವನ್ನು ನೋಡಲು ಅವರೇ ಇರಲಿಲ್ಲ. 1969ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಯಂತ್ರಕ್ಕೆ ಊಡಿಸಿದ ಅಂಕಿಅಂಶಗಳು ಮನುಷ್ಯರು ಆಯ್ದವೇ ತಾನೆ?

ಕಂಠೀರವ ನರಸರಾಜ ಒಡೆಯರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು. ಇವರು ಪಟ್ಟದ ನೇರ ಹಾದಿಯಲ್ಲಿದ್ದವರಲ್ಲ. ಯುವಕರಾಗಿದ್ದಾಗ ನಡೆಯಿತೆನ್ನಲಾದ ಪ್ರಸಂಗವೊಂದು ಜನಜನಿತವಾಗಿದೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ಕೋಟೆಯ ಹೆಬ್ಬಾಗಿಲಿಗೆ ತನ್ನ ಚಲ್ಲಣವನ್ನು ತೂಗುಹಾಕಿಸಿ, ಅದರಡಿ ನುಸುಳಿ ಬರುವವರೆಲ್ಲ ತನಗೆ ಸೋತವರೆಂದು ಸಾರಿದ್ದನಂತೆ. ಕಂಠೀರವರು ಗುರುತು ಮರೆಸಿಕೊಂಡು ಹೋಗಿ, ಅವನನ್ನು ಕೊಂದು, ಸನ್ಮಾನಕ್ಕೂ ಕಾಯದೆ ಹಿಂತಿರುಗಿದರಂತೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಗುರುತು ಮರೆಸಿಕೊಂಡ ವಿವರ ಅರ್ಥಪೂರ್ಣವಾದುದು. ಅರಮನೆಯ ಗರಡಿಯಲ್ಲಿ ರಾಜಕುಮಾರನನ್ನು ಪೂರ್ಣ ಬಲದಿಂದ ಹೊಡೆಯುವ ಎದುರಾಳಿ ಯಾರಿದ್ದಾನು? ತನ್ನನ್ನು ಯಾರೆಂದು ಅರಿಯದವನೊಡನೆ ಕಾದಿದಾಗಲೇ ಆ ಬಲ ನಿಜವೆಂದು ಸಿದ್ಧವಾಗುತ್ತದೆ. ಕಥೆ ಕಟ್ಟಿದವರಿಗೂ ಈ ಸೂಕ್ಷ್ಮ ತಿಳಿದಿತ್ತು.

1638ರಲ್ಲಿ ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷವುಣಿಸಿದಾಗ, 23ರ ಹರೆಯದ ಕಂಠೀರವರಿಗೆ ಸಿಂಹಾಸನ ಒದಗಿತು. ವಿಕ್ರಮರಾಯ ಬಹುಕಾಲ ಉಳಿಯಲಿಲ್ಲ. ಮರುವರ್ಷವೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಹಿಮ್ಮೆಟ್ಟಬೇಕಾಯಿತು. 1610ರಲ್ಲಿ ರಾಜ ಒಡೆಯರು ಆರಂಭಿಸಿದ ದಸರಾ ಮಹೋತ್ಸವ ಇವರ ಕಾಲದಲ್ಲಿ ವೈಭವಕ್ಕೇರಿತು. ಗೋವಿಂದ ವೈದ್ಯ 1648ರಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯ ಅದನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಆಸ್ಥಾನ ಕವಿಯ ಹೊಗಳಿಕೆಯಲ್ಲಿ ಎಷ್ಟನ್ನು ಕಳೆಯಬೇಕೆಂಬುದು ಓದುಗರಿಗೆ ಬಿಟ್ಟದ್ದು. ದಸರೆಯ ಮುಷ್ಟಿಕಾಳಗಕ್ಕೆ ವಿಜಯನಗರದ ಪರಂಪರೆಯೇ ಮೂಲ. ಹೊಡೆತಕ್ಕೆ ಹಲ್ಲು ಉದುರುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಯಸ್ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಇಂದಿಗೂ ಮೈಸೂರಿನ ವಿಜಯದಶಮಿಯಂದು ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಧರಿಸಿ ಇಳಿಯುತ್ತಾರೆ. ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಅಭಿಮಾನಿಗಳು ಹೇಳದೆ ಬಿಡುವ ಅಧ್ಯಾಯವೂ ಒಂದುಂಟು. ಅವರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೈಸೂರು ಸೈನ್ಯ ಮಧುರೆಯ ಸೀಮೆಗೆ ನುಗ್ಗಿ ಜನರ ಮೂಗು ಕೊಯ್ದಿತು. ಮಧುರೆಯವರು ಅದೇ ಬಗೆಯಲ್ಲಿ ಸೇಡು ತೀರಿಸಿಕೊಂಡರು. ಅಂದಿನ ಜೆಸ್ಯುಟ್ ಪಾದ್ರಿಗಳ ಪತ್ರಗಳು ಇದಕ್ಕೆ ಸಾಕ್ಷಿ. ಸಮಬಲನೊಡನೆ ಸೆಣಸುವ ಮಲ್ಲನ ಧರ್ಮಕ್ಕೂ ನಿರಾಯುಧ ರೈತನ ಮೂಗು ಕೊಯ್ಯುವುದಕ್ಕೂ ಏನು ಸಂಬಂಧ? ಕಾಲಧರ್ಮದ ನೆಪವೊಡ್ಡಿ ಇದನ್ನು ತೊಳೆಯಲಾಗದು.

ರಾಜ್ಯವಿಸ್ತರಣೆಯ ಅಳತೆಯಲ್ಲಿಯೂ ಅವರದು ಅಪೂರ್ಣ ಕಾರ್ಯ. ಇಂದಿನ ಹಾಸನ ಜಿಲ್ಲೆಯನ್ನೇ ನೋಡಬಹುದು. ಚನ್ನರಾಯಪಟ್ಟಣ ಮೈಸೂರಿಗೆ ದಕ್ಕಿದ್ದು ಅವರಿಗಿಂತ ಮೊದಲು, ಚಾಮರಾಜ ಒಡೆಯರ ಕಾಲದಲ್ಲಿ. ಹೇಮಾವತಿಯ ದಡದ ಹೊಳೆನರಸೀಪುರ ಕೈಸೇರಿದ್ದು ಅವರ ನಂತರ, 1667ರಲ್ಲಿ. ಅವರ ಸೇನೆ ಅರಕಲಗೂಡಿನ ಮೇಲೆ ಏರಿಹೋಗಿತ್ತಾದರೂ ಅಲ್ಲಿನ ಪಾಳೆಯಗಾರಿಕೆ ಅಂತಿಮವಾಗಿ ಮುಗಿದದ್ದು 1694ರಲ್ಲಿ, ಚಿಕ್ಕದೇವರಾಜರ ಕೈಯಲ್ಲಿ. ಚಿಕ್ಕದೇವರಾಜರ ಪೈಲ್ವಾನಿಕೆಯ ಕಥೆಗಳನ್ನು ಯಾರೂ ಹೇಳುವುದಿಲ್ಲ.

ಆದರೆ ಕಂಠೀರವರ ಒಂದು ಕಾರ್ಯ ಈ ಸೀಮೆಯ ಮೂಲೆಮೂಲೆಗೂ ತಲುಪಿತು. ಮೈಸೂರು ಅರಸರಲ್ಲಿ ಮೊದಲಬಾರಿಗೆ ಟಂಕಸಾಲೆ ಸ್ಥಾಪಿಸಿದವರು ಅವರೇ. ಒಂದು ಬದಿಗೆ ನರಸಿಂಹ, ಇನ್ನೊಂದು ಬದಿಗೆ ಅರಸರ ಹೆಸರು ಇದ್ದ ಆ ಚಿನ್ನದ ಹಣದ ತೂಕ ಅರ್ಧ ಗ್ರಾಂ ಕೂಡ ಇರಲಿಲ್ಲ. ಹತ್ತು ಹಣ ಕೂಡಿದರೆ ಒಂದು ಕಂಠೀರಾಯಿ ವರಹ. ಸ್ವಾರಸ್ಯವೆಂದರೆ ಅಂಥ ವರಹವನ್ನು ಅವರು ಟಂಕಿಸಲೇ ಇಲ್ಲ; ಅದು ಲೆಕ್ಕದ ಪುಸ್ತಕದಲ್ಲಷ್ಟೇ ಬದುಕಿದ್ದ ನಾಣ್ಯ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದುರ್ಲಭ. ಹಣದ ನಿಜವಾದ ಶಕ್ತಿ ಲೋಹದಲ್ಲಿಲ್ಲ, ಎಣಿಕೆಯ ಮೇಲಿನ ಜನರ ನಂಬಿಕೆಯಲ್ಲಿದೆ. ಟಿಪ್ಪು ಸುಲ್ತಾನ್ ತನ್ನದೇ ನಾಣ್ಯಗಳನ್ನು ಚಲಾವಣೆಗೆ ತಂದ ಮೇಲೂ, 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಧಾರಣೆಗಳನ್ನು ಕಂಠೀರಾಯಿ ಹಣದಲ್ಲೇ ದಾಖಲಿಸಬೇಕಾಯಿತು. ದಿವಾನ್ ಪೂರ್ಣಯ್ಯನವರ ಸರ್ಕಾರ ಲೆಕ್ಕ ಇಟ್ಟದ್ದೂ ಆ ವರಹದಲ್ಲಿಯೇ. ಕಂದಾಯದ ಹಳೆಯ ಕಡತ ಬಿಚ್ಚಿದ ನನ್ನಂಥ ನೌಕರರಿಗೆ ವರಹ, ಹಣ, ಅಡ್ಡ, ಹಾಗಗಳ ಸಾಲು ಅಪರಿಚಿತವಲ್ಲ.

ಬೇರೆ ಕಾಲದ ಮಲ್ಲರ ಕಥೆಯೂ ಅಖಾಡದ ಹೊರಗೇ ಹೆಚ್ಚು ಸ್ಪಷ್ಟ. ಜೋ ಲೂಯಿ 1937ರಿಂದ 1949ರವರೆಗೆ ವಿಶ್ವ ಹೆವಿವೇಟ್ ಪಟ್ಟವನ್ನು 25 ಬಾರಿ ಉಳಿಸಿಕೊಂಡರೂ ತೆರಿಗೆ ಬಾಕಿಯ ಎದುರು ಸೋತರು. ಅಲಿ 1967ರಲ್ಲಿ ಸೇನೆ ಸೇರಲು ಒಪ್ಪದೆ ಪಟ್ಟ ಕಳೆದುಕೊಂಡು, 1974ರಲ್ಲಿ ಫೋರ್‌ಮನ್ ಅವರನ್ನು ಮಣಿಸಿ ಮರಳಿ ಪಡೆದರು. ಜಗತ್ತು ಹೆಚ್ಚು ನೆನೆಯುವುದು ಆ ನಿರಾಕರಣೆಯನ್ನು. ನಮ್ಮ ಗಾಮಾ ಪೈಲ್ವಾನ್ 1928ರಲ್ಲಿ ಪಟಿಯಾಲದಲ್ಲಿ ಜಿಬಿಸ್ಕೊನನ್ನು ನಿಮಿಷದೊಳಗೆ ಕೆಡವಿದರು. ಕೊನೆಯ ವರ್ಷಗಳನ್ನು ಲಾಹೋರಿನಲ್ಲಿ ಬಡತನದಲ್ಲಿ ಕಳೆದರು. ಇವರಲ್ಲಿ ಯಾರ ಪಟ್ಟು ಬಿಗಿ, ಯಾರ ಮುಷ್ಟಿ ಭಾರ ಎಂಬುದನ್ನು ಯಾವ ತಕ್ಕಡಿಯೂ ಹೇಳಲಾರದು. ನನ್ನ ಮಟ್ಟಿಗೆ, ಕಂಠೀರವರು ಈ ಸಾಲಿನಲ್ಲಿ ನಿಲ್ಲುವುದು ಸಾಮಾನ್ಯ ರೈತನ ಸೆರಗಿನ ಗಂಟಿನಲ್ಲಿದ್ದ ಆ ಪುಟ್ಟ ಹಣದ ಬಲದಿಂದಲೇ ಹೊರತು ತಿರುಚಿನಾಪಳ್ಳಿಯ ಚಲ್ಲಣದಿಂದಲ್ಲ.

1659ರಲ್ಲಿ ಅವರು ತೀರಿಕೊಂಡಾಗ ಪಟ್ಟಕ್ಕೆ ಮಗನಿರಲಿಲ್ಲ. ದಾಯಾದಿ ದೊಡ್ಡದೇವರಾಜರು ಅರಸರಾದರು. 1960ರಲ್ಲಿ ಕನ್ನಡ ಕಲಾವಿದರೇ ಕೂಡಿ ನಿರ್ಮಿಸಿದ ರಣಧೀರ ಕಂಠೀರವ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಪಾತ್ರ ವಹಿಸಿದರು. ಶ್ರೀರಂಗಪಟ್ಟಣದಲ್ಲಿ ಅವರೇ ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದಲ್ಲಿ ಅವರ ಶಿಲಾಮೂರ್ತಿಯಿದೆ. ಅದು ಜಟ್ಟಿಯ ಭಂಗಿಯಲ್ಲಿಲ್ಲ, ಕೈಮುಗಿದ ಭಕ್ತನ ಭಂಗಿಯಲ್ಲಿದೆ.